ಅವಳ ಊರಿನ ಬಾಗಿಲು

ಜನವರಿ 10, 2016. ಭಾನುವಾರ

ಬೆಳಿಗ್ಗೆಯಿಂದ ನಮ್ಮ ಫೋಟೋ ಅಂಗಡಿಯಲ್ಲಿ ಕೋಟು ತೊಡಿಸಿದ್ದು ಒಬ್ಬನಿಗೆ. ಬಾಂಗ್ಲಾದ ಪೇಂಟರ್, ಮೈಮೇಲೆ ಸುಣ್ಣ ಮೆತ್ತಿದ ಟೀಶರ್ಟ್. ಕಂಪ್ಯೂಟರಿನಲ್ಲಿ ಅದೇ ನೀಲಿ ಕೋಟು, ಅದೇ ಕೆಂಪು ಟೈ ಎಳೆದು ಕೂರಿಸಿದೆ. ಗಲ್ಫಿನ ಈ ವಾದಿ ಅದಾಯ್‌ನ ಅರ್ಧ ಗಂಡಸರು ಪಾಸ್‌ಪೋರ್ಟ್ ಫೋಟೋದಲ್ಲಿ ತೊಟ್ಟಿರುವುದು ನನ್ನ ಈ ಒಂದು ಕೋಟನ್ನೇ. ಹೋದ ವರ್ಷ ಊಟಕ್ಕೆ ಏಳಲು ಬಿಡುವಿರಲಿಲ್ಲ. ಈಗ ಕಚ್ಚಾ ಎಣ್ಣೆಯ ಬೆಲೆ ಬಿದ್ದು ಕಂಪನಿಗಳು ಜನರನ್ನು ಮನೆಗೆ ಕಳಿಸುತ್ತಿವೆ. ಬರುವವರಿಗೆ ಫೋಟೋ ಬೇಕು. ಹೋಗುವವರಿಗೆ ಎಂತಕ್ಕೆ?

ಅವಳು ಮಾತ್ರ ಬಂದಳು. ಮತ್ತೆ. ಐಲ್ಸಾ ಮೇಡಂ. ಸ್ಕಾಟ್ಲೆಂಡಿನವಳು, ಕುರುಮ್‌ನಲ್ಲಿ ಫ್ಲ್ಯಾಟ್, ಯಾವುದೋ ಆಯಿಲ್ ಕಂಪನಿಯ ಆಫೀಸು. ಐವತ್ತು ದಾಟಿದೆ, ಆದರೆ ಬೆನ್ನು ನೆಟ್ಟಗೆ. ಅವಳ ಅಜ್ಜ ತನ್ನ ಊರಿನ ಫೋಟೋ ತೆಗೆದು ತೆಗೆದು ಒಂದು ಪೆಟ್ಟಿಗೆ ತುಂಬಿಸಿದ್ದಾನಂತೆ. ಸಮುದ್ರದ ಬದಿಯ ಊರು, ಇನ್ವರ್‌ಹ್ಯಾರೋ ಅಂತ ಹೆಸರು. ಅದನ್ನೆಲ್ಲ ಸ್ಕ್ಯಾನ್ ಮಾಡಿಸಬೇಕು. ಮಾಡಿಸಲಿ. ಪಕ್ಕದಲ್ಲೇ ಸ್ಟೂಲು ಹಾಕಿ ಕೂರಬೇಕಾ?

ಇಲ್ಲಿ ಮಾತ್ರ ಹೆಸರು ಹಿಡಿದು ಬರೆಯುತ್ತೇನೆ — ರಿಯಾಝ್. ಎದುರಿಗೆ ಹದಿನಾರು ವರ್ಷದಿಂದ "ಓಯ್", "ಕೇಳ್ತದಾ", ಅಷ್ಟೇ. ಗಂಡನ ಹೆಸರು ಕರೆಯಬಾರದೆಂದು ನನ್ನ ಹೆತ್ತ ಉಮ್ಮ ಕಲಿಸಿದ್ದು. ಅವಳಿಗೆ ಯಾರೂ ಕಲಿಸಿಲ್ಲ. ಬಾಗಿಲು ತಳ್ಳುವಾಗಲೇ "ರಿಯಾಝ್". ಹೋಗುವಾಗ "ಥ್ಯಾಂಕ್ ಯೂ, ರಿಯಾಝ್". ಮೈಯೆಲ್ಲ ಉರಿಯುತ್ತದೆ.

ಬರೆಯಲು ಹೆದರಿಕೆಯಿಲ್ಲ. ಮನೆಯಲ್ಲಿ ಮಾತು ಬ್ಯಾರಿಯಾದರೂ ನಾನು ಕಲಿತದ್ದು ಉಳ್ಳಾಲದ ಕನ್ನಡ ಶಾಲೆ. ಇವರು ಉಪ್ಪಳದಲ್ಲಿ ಮಲಯಾಳಂ. ಮಗಳು ಹಿಬಾಳದ್ದು ಎಲ್ಲ ಇಂಗ್ಲಿಷ್. ಈ ಮನೆಯಲ್ಲಿ ಕನ್ನಡ ಓದುವವಳು ನಾನೊಬ್ಬಳೇ.

ಜನವರಿ 12

ಊಟಕ್ಕೆ ಕೂತರೆ ಅದೇ ಕಥೆ. ಅವಳ ಊರಿನ ಬಂದರು. ಅಲ್ಲಿ ಹೆರಿಂಗ್ ಎಂಬ ಮೀನು, ನಮ್ಮ ಬೂತಾಯಿಯ ಹಾಗೆ ರಾಶಿ ರಾಶಿ ಬರುತ್ತಿತ್ತಂತೆ. ಶೋರ್ ಸ್ಟ್ರೀಟಿನ ಕೊನೆಗೆ ಅವಳ ಮುತ್ತಜ್ಜಿಯ ಮನೆ. ಪಕ್ಕದಲ್ಲಿ ಹಗ್ಗ ಹೊಸೆಯುವವನ ಮನೆ. ಆಚೆ ಚರ್ಚು. ಇವರು ಅಲ್ಲೇ ಹುಟ್ಟಿ ಬೆಳೆದವರ ಹಾಗೆ ಹೇಳುತ್ತಾ ಹೋದರು.

ನಾನು ಸಾರು ಬಡಿಸುತ್ತಾ ಕೇಳಿದೆ. "ನಮ್ಮ ಉಳ್ಳಾಲದ ಮನೆಯ ಕಿಟಕಿ ಯಾವ ಬದಿಗಿತ್ತು, ಹೇಳಿ ನೋಡುವ."

"ಈಗ ಅದೆಲ್ಲ ಎಂತಕ್ಕೆ?"

"ಎಡಕ್ಕಾ, ಬಲಕ್ಕಾ?"

"ಮುಳ್ಳು ಸಿಕ್ಕಿದೆ ಮಾರಾಯ್ತಿ, ಮಾತಾಡಿಸ್ಬೇಡ."

ಇಷ್ಟೇ. ನಾನು ಹುಟ್ಟಿದ ಮನೆಯ ಲೆಕ್ಕ ಇಷ್ಟೇ.

ಜನವರಿ 22, ಶುಕ್ರವಾರ

ಮೇಲಿನ ಮನೆಯ ಪದ್ಮಮ್ಮ ಬಂದಿದ್ದರು. ಮೈಸೂರಿನವರು. ಗಂಡ ದುಕ್ಮ್‌ನ ಸೈಟಿನಲ್ಲಿ, ವಾರಕ್ಕೊಮ್ಮೆ ಬಂದರೆ ಪುಣ್ಯ. ಹಾಗಾಗಿ ಉಳಿದವರ ಗಂಡಂದಿರನ್ನೆಲ್ಲ ಅವರೇ ಕಾಯುತ್ತಾರೆ.

"ಏನ್ರೀ ಶಹನಾ, ಆ ಬಿಳೀ ಮೇಡಮ್ಮು ನಿಮ್ಮ್ ಅಂಗಡೀಲಿ ಕೆಲಸಕ್ಕೇನಾದ್ರೂ ಸೇರ್ಕೊಂಡ್ರಾ?"

"ಕಸ್ಟಮರ್."

"ದಿನಾ ಬರೋ ಕಸ್ಟಮರ್ರಾ? ನಮ್ಮನೇವ್ರು ಹಾಗೆ ಯಾರ್ ಜೊತೆಗಾದ್ರೂ ಕೂತಿದ್ರೆ ನಾನ್ ಸ್ಟೂಲನ್ನೇ ಮನೆಗೆ ತಂದಿಟ್ಕೋತಿದ್ದೆ."

ಆ ಮೇಡಂ ಕೊಟ್ಟಿದ್ದ ಬಿಸ್ಕತ್ತಿನ ಡಬ್ಬಿಯನ್ನು ಪದ್ಮಮ್ಮನ ಕೈಗಿಟ್ಟೆ. ಒಂದು ಮಾತ್ರ ಮೊದಲೇ ಅಡುಗೆಮನೆಯಲ್ಲಿ ತಿಂದಿದ್ದೆ. ಬೆಣ್ಣೆ ಬೆಣ್ಣೆ. ಚೆನ್ನಾಗಿತ್ತು, ಅದೂ ಒಂದು ಸಿಟ್ಟು.

ಜುಮಾ ನಮಾಝ್ ಮುಗಿಸಿ ಬಂದ ರಿಯಾಝ್ ಟೋಪಿ ಕೂಡ ತೆಗೆಯದೆ ಹೇಳಿದರು. ಪರೀಕ್ಷೆ ಮುಗಿದ ಮೇಲೆ ನಾನೂ ಹಿಬಾಳೂ ಊರಿಗೆ. ಉಪ್ಪಳದಲ್ಲಿ ಅತ್ತೆಯ ಜೊತೆ. ಇವರು ಅಂಗಡಿಯ ಹಿಂದಿನ ಕೋಣೆಯಲ್ಲಿ ಇರುವುದಂತೆ. "ಎಲ್ಲರೂ ಕಳಿಸ್ತಾ ಇದ್ದಾರೆ. ಸ್ವಲ್ಪ ದಿನ. ಎಣ್ಣೆ ಏರಿದ ಮೇಲೆ ಕರೆಸ್ಕೊಳ್ತೇನೆ."

ಎಲ್ಲರೂ ಕಳಿಸುತ್ತಿದ್ದಾರೆ, ಸರಿ. ಆದರೆ ಎಲ್ಲರ ಅಂಗಡಿಯಲ್ಲೂ ಒಬ್ಬ ಐಲ್ಸಾ ಕೂತಿರುವುದಿಲ್ಲ. ನನ್ನನ್ನು ವಿಮಾನ ಹತ್ತಿಸಿ ಇವರು ಯಾರ ಊರಿನ ಫೋಟೋ ನೋಡುತ್ತಾ ಊಟ ಮಾಡುತ್ತಾರೆ? ಪಾತ್ರೆ ತೊಳೆದೆ. ಒಂದು ಲೋಟ ಒಡೆಯಿತು.

ಜನವರಿ 31

ಪೆನ್‌ಡ್ರೈವ್ ತಂದುಕೊಟ್ಟರು, ಒಳಗೆ ಅವಳ ಫೋಟೋಗಳು. "ಧೂಳು, ಗೀರು, ಇಷ್ಟೇ ತೆಗಿ. ಬೇರೆ ಎಂತದೂ ಮುಟ್ಬೇಡ. ನಿನ್ನ ಕೈ ನನಗಿಂತ ಸಣ್ಣ ಕೆಲಸಕ್ಕೆ ಒಳ್ಳೆಯದು."

ಹೊಗಳಿಕೆ. ಅವಳ ಊರಿನ ಧೂಳು ಒರೆಸುವುದಕ್ಕೆ ನಾನು.

ಹಿಬಾ ಶಾಲೆಗೆ ಹೋದ ಮೇಲೆ ಕೂತೆ. ನೋಡಬಾರದೆಂದುಕೊಂಡೇ ನೋಡಿದೆ. ಬಂದರಿನ ತುಂಬ ದೋಣಿಗಳ ಹಾಯಿಕಂಬಗಳು. ಮರಳ ಮೇಲೆ ಕತ್ತೆಗಳು, ಅವುಗಳ ಮೇಲೆ ಟೋಪಿ ಹಾಕಿದ ಮಕ್ಕಳು. ಚಕ್ರ ಇರುವ ಮರದ ಗೂಡುಗಳು — ಹೆಂಗಸರು ಅದರೊಳಗೆ ಬಟ್ಟೆ ಬದಲಿಸಿ, ಗೂಡು ನೀರಿನವರೆಗೆ ಹೋದ ಮೇಲೆ ಇಳಿಯುವುದಂತೆ. ಯಾರಿಗೂ ಮೈ ಕಾಣಬಾರದು. ಉಮ್ಮ ನೋಡಿದ್ದರೆ ಮೆಚ್ಚುತ್ತಿದ್ದಳು. ಮೀನು ಸೀಳುವ ಹೆಂಗಸರ ಸಾಲು. ಬೆರಳಿಗೆ ಬಟ್ಟೆಯ ಚೂರು ಸುತ್ತಿಕೊಂಡಿದ್ದಾರೆ, ಚೂರಿ ತಾಗದ ಹಾಗೆ. ಉಮ್ಮನೂ ಬೀಡಿ ಕಟ್ಟಿ ಕಟ್ಟಿ ಬೆರಳು ಒಡೆದಾಗ ಹೀಗೇ ಸುತ್ತುತ್ತಿದ್ದಳು.

ಆಮೇಲೆ ಶೋರ್ ಸ್ಟ್ರೀಟ್. ಸಾಲು ಮನೆ. ಮುಂದಿನ ಫೋಟೋದಲ್ಲಿ ಆ ಮನೆಗಳಿಲ್ಲ. ಬಿರುಗಾಳಿ ಬಂದು ಕಡಲು ಎಳೆದುಕೊಂಡು ಹೋಗಿದೆ. ಕಲ್ಲಿನ ರಾಶಿ, ಒಂದು ಮಂಚದ ಕಾಲು.

ಮೌಸ್ ಬಿಟ್ಟು ಎದ್ದುಹೋದೆ. ಕಡಲ್ಕೊರೆತದಲ್ಲಿ ನಮ್ಮದೂ ಹೋಯಿತು, ಹಿಬಾ ಹುಟ್ಟಿದ ವರ್ಷ. ನಮ್ಮ ಮನೆ, ತೆಂಗು, ಬಾವಿ, ಎಲ್ಲ. ಸರಕಾರದವರು ಆಮೇಲೆ ಬಂಡೆ ತಂದು ಸುರಿದರು. ಇವಳಿಗೆ ಹೋದ ಮನೆಯ ಫೋಟೋ ಉಂಟು. ಹೋಗುವ ಮೊದಲಿನದ್ದೂ, ಹೋದ ಮೇಲಿನದ್ದೂ. ನನಗೆ ಎಂತ ಉಂಟು?

ಫೆಬ್ರವರಿ 3

ಇವತ್ತು ಅಂಗಡಿಯಲ್ಲಿ ನಾನೂ ಇದ್ದೆ. ಅವಳು ಒಂದು ಫೋಟೋ ತೆಗೆದು ಕೌಂಟರಿನ ಮೇಲೆ ಇಟ್ಟಳು. ಶೋರ್ ಸ್ಟ್ರೀಟಿನ ಕೊನೆಯ ಮನೆ. ತೆರೆದ ಬಾಗಿಲು. ಹೊಸ್ತಿಲಲ್ಲಿ ತಲೆಗೆ ಶಾಲು ಹೊದ್ದ ಹೆಂಗಸು, ಮಡಿಲಲ್ಲಿ ಬುಟ್ಟಿ. ಕೈ ಸ್ಪಷ್ಟ, ಬುಟ್ಟಿ ಸ್ಪಷ್ಟ. ಮುಖ ಮಾತ್ರ ಹೊಗೆಯ ಹಾಗೆ.

"ಮುತ್ತಜ್ಜಿ," ಅಂದಳು. ಆ ಮುದುಕಿಗೆ ಕ್ಯಾಮೆರಾ ಕಂಡರೆ ಆಗುತ್ತಿರಲಿಲ್ಲವಂತೆ. ಮಗನೇ ತೆಗೆಯುತ್ತಿದ್ದರೂ ಸರಿಯಾದ ಹೊತ್ತಿಗೆ ಮುಖ ತಿರುಗಿಸಿಬಿಟ್ಟಳು. ಇದೊಂದೇ ಇರುವುದು. ದೊಡ್ಡದಾಗಿ ಕ್ಯಾನ್ವಾಸ್ ಮೇಲೆ ಬೇಕು, ಹಾಗೇ, ಇದ್ದ ಹಾಗೆ. ಆಮೇಲೆ ನಗುತ್ತಾ ಹೇಳಿದಳು — ತನ್ನನ್ನೂ ಕೆಲಸದಿಂದ ತೆಗೆದಿದ್ದಾರೆ, ಇಪ್ಪತ್ತೈದಕ್ಕೆ ಹೊರಡುವುದು, ಊರಲ್ಲಿ ತಂಗಿಯ ಮನೆಗೆ.

ಹೊರಡುತ್ತಾಳೆ. ನನಗಿಂತ ಮೊದಲೇ. ಇಷ್ಟು ದಿನ ನಾನು ಉರಿದದ್ದು ಯಾವುದಕ್ಕೆ? ತಣ್ಣಗಾಗಬೇಕಿತ್ತು. ಆಗಲಿಲ್ಲ. ನನ್ನ ಗಂಡನನ್ನು ಬಿಟ್ಟು ಹೋಗುತ್ತಾಳೆ, ಆದರೆ ಮುತ್ತಜ್ಜಿಯನ್ನು ಕಟ್ಟಿಕೊಂಡು ಹೋಗುತ್ತಾಳೆ. ಮುಖ ಕಾಣದಿದ್ದರೂ ಕೈ ಉಂಟು, ಹೊಸ್ತಿಲು ಉಂಟು.

ನನ್ನ ಉಮ್ಮ ಐಶಮ್ಮನದ್ದು ಒಂದೂ ಇಲ್ಲ. ಹೆಂಗಸರ ಫೋಟೋ ಬೇಡ ಎಂಬ ಮನೆ. ಹಜ್ಜಿಗೆ ಹೋಗುವಾಗ ಪಾಸ್‌ಪೋರ್ಟಿಗೆ ಒಂದು ತೆಗೆಸುತ್ತೇನೆ, ಅಲ್ಲಿಯವರೆಗೆ ಕೇಳಬೇಡಿ ಎನ್ನುತ್ತಿದ್ದಳು. ಹಜ್ಜಿಗೆ ಹೋಗಲಾಗಲಿಲ್ಲ. ವೋಟರ್ ಕಾರ್ಡಿನವರು ಶಾಲೆಗೆ ಬಂದ ದಿನ ಜ್ವರ ಎಂದು ಮಲಗಿದಳು. ಅಳಿಯ ಫೋಟೋಗ್ರಾಫರ್ ಎಂದು ಗೊತ್ತಾದಾಗ ಅವಳ ಒಂದೇ ಷರತ್ತು — ಕ್ಯಾಮೆರಾ ಜಗಲಿಯಲ್ಲೇ ಇಟ್ಟು ಒಳಗೆ ಬರಲಿ. ಇವರು ಹಾಗೇ ಮಾಡಿದರು. ಮದುವೆಯಾಗಿ ಎರಡನೆಯ ಮಳೆಗಾಲಕ್ಕೆ ಉಮ್ಮ ಹೋದಳು.

ಫೋಟೋ ತೆಗೆಯುವವನ ಹೆಂಡತಿ. ಊರಿಗೆಲ್ಲ ಕೋಟು ತೊಡಿಸುತ್ತೇನೆ. ಉಮ್ಮನ ಮುಖ ಎಲ್ಲೂ ಇಲ್ಲ.

ಫೆಬ್ರವರಿ 4. ಬೆಳಿಗ್ಗೆ

ಮಾಡಿಬಿಟ್ಟೆ. ಶುರು ಮಾಡಿದೆ.

ಮೊದಲು ಹೇಳಿದ ಕೆಲಸ ಮುಗಿಸಿದೆ. ಧೂಳು, ಗೀರು. ಸೇವ್. ಆಮೇಲೆ ಅದರದ್ದೇ ಇನ್ನೊಂದು ಪ್ರತಿ ಮಾಡಿ ಆ ಹೊಗೆಯ ಮೇಲೆ ಮುಖ ಕೂರಿಸಲು ಹೊರಟೆ. ಊರಿನ ಸ್ಟುಡಿಯೋಗಳಲ್ಲಿ ಇದು ಹೊಸತಲ್ಲ. ತೀರಿಹೋದವರ ಫೋಟೋ ಹಾಳಾಗಿದ್ದರೆ ತಮ್ಮನ ಮೂಗು, ಮಗನ ಕಣ್ಣು ತೆಗೆದು ಮುಖ ಕಟ್ಟಿಕೊಡುತ್ತಾರೆ. ಮನೆಯವರು ಅದಕ್ಕೇ ಹಾರ ಹಾಕುತ್ತಾರೆ.

ನನ್ನ ಬಾಯಿ ಉಮ್ಮನದ್ದೇ ಎಂದು ಎಲ್ಲರೂ ಹೇಳುತ್ತಾರೆ. ಕಿಟಕಿಯ ಬೆಳಕಿಗೆ ನಿಂತು ನನ್ನದೇ ಫೋಟೋ ತೆಗೆದೆ. ಬಾಯಿ ಅಲ್ಲಿಂದ. ಕೆನ್ನೆ ಒಳಗೆ ತಳ್ಳಿದೆ. ಕಣ್ಣ ಕೆಳಗೆ ನೆರಳು. ಮೂಗು ಎಷ್ಟು ಸಲ ಅಳಿಸಿದೆನೋ.

ಫೆಬ್ರವರಿ 9

ಮುಗಿಯಿತು. ಸಮುದ್ರಕ್ಕೆ ಮುಖ ಮಾಡಿ ಹೊಸ್ತಿಲಲ್ಲಿ ಕೂತಿದ್ದಾಳೆ. ನೋಡುತ್ತಾ ಅನ್ನ ತಳ ಹಿಡಿಯಿತು.

ಅವಳ ಬಾಗಿಲಲ್ಲಿ ನನ್ನ ಉಮ್ಮ. ಕದ್ದದ್ದೇ. ಹೌದು. ಇಷ್ಟೊಂದು ಇರುವವಳಿಂದ ಒಂದು ಹೊಸ್ತಿಲು ಕದ್ದರೆ ಎಂತ ಆಗ್ತದೆ? ಯಾರಿಗೂ ತೋರಿಸುವುದಿಲ್ಲ. ನನಗೊಬ್ಬಳಿಗೆ. ಕ್ಲೀನ್ ಮಾಡಿದ್ದನ್ನು ಅವಳ ಹೆಸರಿನ ಫೋಲ್ಡರಿಗೆ ಹಾಕಿದೆ. ಉಮ್ಮನದ್ದನ್ನು ಪೆನ್‌ಡ್ರೈವಿನ ಮೂಲೆಯಲ್ಲಿ ಬೇರೆ ಇಟ್ಟೆ. ಅದನ್ನು ನನ್ನ ಕಂಪ್ಯೂಟರಿಗೆ ಹಾಕಿಕೊಂಡು ಅಲ್ಲಿಂದ ಅಳಿಸಬೇಕು, ನಾಳೆ.

ಫೆಬ್ರವರಿ 21, ಭಾನುವಾರ

ಹಿಬಾಳ ಪರೀಕ್ಷೆ, ಜ್ವರ. ಬರೆಯಲು ಆಗಲಿಲ್ಲ. ಪೆನ್‌ಡ್ರೈವ್ ಅಂದೇ ಇವರು ಜೇಬಿಗೆ ಹಾಕಿಕೊಂಡು ಹೋದರು, ಅಳಿಸಲೂ ಆಗಲಿಲ್ಲ. ನೋಡಿದ್ದರೆ ಏನಾದರೂ ಹೇಳುತ್ತಿದ್ದರು. ಹೇಳಲಿಲ್ಲ, ಹಾಗಾದರೆ ನೋಡಿಲ್ಲ.

ಇವತ್ತು ಇವರು ಯಾವುದೋ ಶೋರೂಮಿನ ಕೆಲಸಕ್ಕೆ ಇಬ್ರಾ ಊರಿಗೆ ಹೋಗಿದ್ದರು. ಅಂಗಡಿಯಲ್ಲಿ ನಾನು. ಅವಳು ಬಂದಳು, ಕೊನೆಯ ಸಲ. ಹೊರಗೆ ಕಾರು ಆನ್ ಇತ್ತು. ರೂವಿಯ ಪ್ರೆಸ್ಸಿನಿಂದ ಬಂದ ಕ್ಯಾನ್ವಾಸು ಕೌಂಟರಿನ ಕೆಳಗೆ, ಕಂದು ಕಾಗದ ಸುತ್ತಿದ ರೋಲ್. ಬೇಗ ತೊಲಗಲಿ ಎಂದು ಬಗ್ಗಿ, ಕೈಗೆ ಸಿಕ್ಕಿದ್ದನ್ನು ಎತ್ತಿ ಕೊಟ್ಟೆ. ನನ್ನ ಎರಡೂ ಕೈ ಹಿಡಿದುಕೊಂಡಳು. ರಿಯಾಝ್‌ಗೆ ಹೇಳು ಅಂದಳು.

ಹೇಳುವುದಿಲ್ಲ.

ಫೆಬ್ರವರಿ 22

ರೋಲುಗಳು ಎರಡಿದ್ದವಂತೆ.

ಇವರು ಇವತ್ತು ಮಧ್ಯಾಹ್ನ ಊಟಕ್ಕೆ ಬರುವಾಗ ಒಂದನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದರು. ಮುಖದಲ್ಲಿ ಒಂದು ತರಹದ ನಾಚಿಕೆ. "ನಿನಗೆ. ಊರಿಗೆ ಹೋಗುವಾಗ ಕೊಂಡೋಗು." ನಾನು ಬಿಚ್ಚಿದೆ. ಬಾಗಿಲು, ಬುಟ್ಟಿ, ಹೊಗೆಯ ಮುಖ. ಮೇಡಂನ ಮುತ್ತಜ್ಜಿ.

ಇವರು ಬಿಳುಚಿಕೊಂಡರು. "ಇದು ಅವಳದ್ದು. ಹಾಗಾದ್ರೆ ಉಮ್ಮನ ರೋಲ್..."

ಇವರು ನೋಡಿದ್ದರು. ಪೆನ್‌ಡ್ರೈವ್ ತೆರೆದ ದಿನವೇ. ನನಗೆ ಒಂದು ಮಾತು ಹೇಳದೆ ಎರಡು ಪ್ರಿಂಟ್ ಹಾಕಿಸಿದ್ದಾರೆ, ಒಂದು ಅವಳಿಗೆ, ಒಂದು ನನಗೆ.

"ಬೈಲಿಲ್ಲ ಯಾಕೆ?" ಎಂದು ಕೇಳಿದೆ.

"ಬೈಬೇಕಂತಲೇ ಇದ್ದೆ. ಮುಟ್ಬೇಡ ಅಂತ ಹೇಳಿರ್ಲಿಲ್ವಾ ನಾನು? ಆಮೇಲೆ ಮುಖ ನೋಡಿದೆ."

ಅಷ್ಟರಲ್ಲಿ ಇವರ ಫೋನಿಗೆ ಅವಳ ಮೆಸೇಜು. ಹಿಬಾ ಓದಿ ಹೇಳಿದಳು. ನೀನು ಹೇಗೆ ಮಾಡಿದೆಯೋ ಗೊತ್ತಿಲ್ಲ ರಿಯಾಝ್, ಕೇಳಿದ್ದು ಬೇರೆಯೇ, ಆದರೆ ಮುತ್ತಜ್ಜಿಯ ಮುಖ ಸಿಕ್ಕಿತು. ಗೋಡೆಗೆ ಹಾಕಿ ಅವಳ ಎದುರೇ ಕೂತಿದ್ದೇನೆ. ತಂಗಿಗೂ ಕಳಿಸಿದೆ, ಅಪ್ಪನದ್ದೇ ಬಾಯಿ ಅನ್ನುತ್ತಿದ್ದಾಳೆ.

ಅಪ್ಪನ ಬಾಯಿ. ನನ್ನ ಬಾಯಿ ಅದು.

ಮೊದಲು ಖುಷಿಯೇ ಆಯಿತು, ಸುಳ್ಳು ಯಾಕೆ ಬರೆಯಲಿ. ಅಳಲಿ ನನ್ನ ಉಮ್ಮನ ಎದುರು ಕೂತು. ಸ್ವಲ್ಪ ಹೊತ್ತಿಗೆ ಉಮ್ಮನ ಸ್ವಭಾವ ನೆನಪಾಯಿತು. ಪಕ್ಕದ ಮನೆಯ ಗಂಡಸು ಬಂದರೆ ಒಳಗೆ ಹೋಗುತ್ತಿದ್ದವಳು. ಈಗ ಗೊತ್ತಿಲ್ಲದ ಊರಿನ ಗೋಡೆಯ ಮೇಲೆ, ಯಾರದ್ದೋ ಹೆಸರಿನಲ್ಲಿ, ಎಲ್ಲರೂ ನೋಡುವ ಹಾಗೆ. ಕೂರಿಸಿದವಳು ನಾನು. ಎತ್ತಿ ಕೊಟ್ಟವಳೂ ನಾನು.

"ಬಿಟ್ಟುಬಿಡುವ," ಅಂದರು ರಿಯಾಝ್. "ಅವಳಿಗೆ ಖುಷಿಯಾಗಿದೆ. ಫೈಲ್ ಉಂಟಲ್ಲ, ನಿನಗೆ ಇನ್ನೊಂದು ಹಾಕಿಸ್ತೇನೆ."

"ಅವಳ ಹತ್ತಿರ ನನ್ನ ಉಮ್ಮ ಇರುವುದು ಬೇಡ."

ಫೆಬ್ರವರಿ 23, ಸಂಜೆ

ಒಬ್ಬಳೇ ಹೋದೆ. ಇವರು ಬರುತ್ತೇನೆಂದರು, ಬೇಡ ಎಂದೆ. ರೋಲ್ ಹಿಡಿದುಕೊಂಡು ಟ್ಯಾಕ್ಸಿಯಲ್ಲಿ ಕುರುಮ್‌ಗೆ. ಮನೆಯ ತುಂಬ ರಟ್ಟಿನ ಪೆಟ್ಟಿಗೆ. ಖಾಲಿ ಗೋಡೆಯಲ್ಲಿ ಉಮ್ಮ ಒಬ್ಬಳೇ. ನನ್ನ ಕಂಪ್ಯೂಟರಿನಲ್ಲಿ ಅಂಗೈಯಷ್ಟಿದ್ದವಳು ಇಲ್ಲಿ ನನ್ನಷ್ಟೇ ಎತ್ತರ.

ಹತ್ತಿರ ಹೋದೆ. ಎಡ ಹುಬ್ಬಿನ ತುದಿಯಲ್ಲಿ ಒಂದು ಸಣ್ಣ ಬೋಳು ಜಾಗ.

ಸಿಡುಬಿನ ಕಲೆ. ಉಮ್ಮನಿಗೆ ಅಲ್ಲಿ ಕೂದಲೇ ಬರುತ್ತಿರಲಿಲ್ಲ. ನಾನು ಹಾಕಿರಲಿಲ್ಲ. ನನಗೆ ಮರೆತೇ ಹೋಗಿತ್ತು. ಅಷ್ಟು ದಿನ ಕೂತು ಮುಖ ಕಟ್ಟಿದ ಮಗಳಿಗೆ ಮರೆತದ್ದನ್ನು ಅಳಿಯ ಹಾಕಿದ್ದಾನೆ.

ಐಲ್ಸಾ ನೀರು ತಂದಳು. ಕೌಂಟರಿನಲ್ಲಿ ಕಲಿತ ಇಂಗ್ಲಿಷಿನಲ್ಲೇ ಹೇಳಿದೆ. "ದಿಸ್ ಈಸ್ ನಾಟ್ ಯುವರ್ ಗ್ರೇಟ್ ಗ್ರ್ಯಾಂಡ್‌ಮದರ್, ಮೇಡಂ. ದಿಸ್ ಈಸ್ ಮೈ ಮದರ್." ಕೈಯಲ್ಲಿದ್ದ ರೋಲ್ ಬಿಚ್ಚಿ ತೋರಿಸಿದೆ. ಒಂದು ಪೆಟ್ಟಿಗೆಯ ಮೇಲೆ ಕೂತುಬಿಟ್ಟಳು. ಮುಖ ಕೆಂಪು. ತಂಗಿ ಅತ್ತಿದ್ದಾಳೆ, ಅವಳಿಗೆ ಈಗ ಎಂತ ಹೇಳಲಿ ಎಂದಳು. ಯಾಕೆ ಹೀಗೆ ಮಾಡಿದೆ ಎಂದಳು.

"ಜೆಲಸ್, ಮೇಡಂ."

"ನನ್ನ ಮೇಲೆ?" ನಕ್ಕಳು, ಒಳ್ಳೆಯ ನಗು ಅಲ್ಲ. ಕೆಲಸ ಇಲ್ಲ, ಗುರುವಾರ ಈ ಮನೆಯ ಕೀಲಿ ಕೊಡಬೇಕು, ನನ್ನ ಮೇಲೆ ಎಂತದಕ್ಕೆ ಎಂದಳು.

"ಮೊದಲು ನಿಮ್ಮ ಮೇಲೆ. ಆಮೇಲೆ ಫೋಟೋಗಳ ಮೇಲೆ." ನಮ್ಮ ಮನೆಯನ್ನೂ ಕಡಲು ತಿಂದದ್ದು ಹೇಳಿದೆ. ಒಂದೂ ಫೋಟೋ ಇಲ್ಲವೆಂದು ಹೇಳಿದೆ. ಅಳು ಬಂತು. ಅವಳ ಎದುರು ಅಳಬಾರದೆಂದಿದ್ದೆ.

ಅವಳೇ ಗೋಡೆಯಿಂದ ಇಳಿಸಿದಳು. ಮಡಿಕೆ ಬೀಳದ ಹಾಗೆ ಸುತ್ತಿದಳು. ಸಿಟ್ಟು ಹೋಗಿರಲಿಲ್ಲ, ಚಹಾಕ್ಕೂ ಕರೆಯಲಿಲ್ಲ. ಬಾಗಿಲಲ್ಲಿ ನಿಂತು ಹೇಳಿದಳು. "ಕೇಳಬೇಕಿತ್ತು ನೀನು. ಬಾಗಿಲು ಕೊಡುತ್ತಿದ್ದೆ."

ಆಮೇಲೆ ಉಮ್ಮನ ಹೆಸರು ಕೇಳಿದಳು. ಐಶಮ್ಮ ಎಂದೆ. ಒಮ್ಮೆ ತಪ್ಪಾಗಿ ಹೇಳಿ, ಮತ್ತೆ ಸರಿ ಮಾಡಿಕೊಂಡಳು.

ಫೆಬ್ರವರಿ 24. ಬೆಳಿಗ್ಗೆ ಆರು

ಟಿಕೆಟ್ ಮಾರ್ಚಿ ಹದಿನೆಂಟಕ್ಕೆ. ನನಗೂ ಹಿಬಾಳಿಗೂ. ಅದು ಬದಲಾಗಲಿಲ್ಲ.

ನಿನ್ನೆ ಊಟವಾದ ಮೇಲೆ ಹುಬ್ಬಿನ ವಿಷಯ ಕೇಳಿದೆ. ರಿಯಾಝ್ ತಟ್ಟೆ ನೋಡುತ್ತಾ ಹೇಳಿದರು. "ಕ್ಯಾಮೆರಾ ಒಳಗೆ ಬಿಡ್ತಿರ್ಲಿಲ್ಲ ಅಲ್ವಾ. ಸುಮ್ಮನೆ ಕೂತು ನೋಡ್ತಿದ್ದೆ. ಕಿಟಕಿ ಎಡಕ್ಕೆ. ಅದರ ಕೆಳಗೆ ಬೀಡಿ ಎಲೆ ಹರಡ್ತಿದ್ರು."

"ಅವತ್ತು ಕೇಳಿದಾಗ ಹೇಳ್ಲಿಲ್ಲ."

"ಅವತ್ತು ನೀನು ಕೇಳಿದ್ದು ಜಗಳಕ್ಕೆ."

ಎಡಕ್ಕೇ. ಸರಿ. ಇಷ್ಟು ದಿನ ಅವಳ ಮೇಲೆ ಉರಿದೆ. ಈಗ ಇವರ ಮೇಲೆ. ನನ್ನ ಉಮ್ಮ ನನಗಿಂತ ಹೆಚ್ಚು ಇವರಿಗೆ ಹೇಗೆ ನೆನಪು? ನಾನು ಇಪ್ಪತ್ತೊಂದು ವರ್ಷ ಅವಳ ಮಡಿಲಲ್ಲೇ ಇದ್ದೆ. ಎದುರು ಕೂತು ನೋಡಲೇ ಇಲ್ಲ.

ಈಗ ಕಂಪ್ಯೂಟರಿನಲ್ಲಿ ಸ್ಕಾಟ್ಲೆಂಡಿನ ಬಾಗಿಲು ಅಳಿಸುತ್ತಿದ್ದೇನೆ. ನಮ್ಮದು ಬರೆಯಬೇಕು. ಇವರು ಹಲ್ಲಿನ ಬ್ರಷ್ ಬಾಯಲ್ಲಿಟ್ಟುಕೊಂಡು ಬಂದು ಹಿಂದೆ ನಿಂತರು. ಉಮ್ಮ ಹೊಸ್ತಿಲಲ್ಲಿ ಕೂರುತ್ತಿರಲಿಲ್ಲವಂತೆ. ಹೊರಗೆ, ಹಳೆಯ ದೋಣಿಯ ಹಲಗೆಯ ಮೇಲೆ. ಯಾವ ಹಲಗೆಯೂ ಇರಲಿಲ್ಲ, ಹೊಸ್ತಿಲೇ ಎಂದೆ. ನನ್ನ ಉಮ್ಮ, ನನಗೆ ಗೊತ್ತಿಲ್ವಾ ಎಂದೆ. ಇವರು ಜಗಳಕ್ಕೆ ನಿಲ್ಲಲಿಲ್ಲ. ಬಾಯಿ ಮುಕ್ಕಳಿಸಲು ಹೋದರು.

ಇತ್ತು. ಹಲಗೆ ಇತ್ತು. ನೀಲಿ ಬಣ್ಣ, ತುದಿಯಲ್ಲಿ ತುಕ್ಕು ಹಿಡಿದ ಮೊಳೆ. ಕಡಲೇ ತಂದು ಹಾಕಿದ್ದು. ಮಳೆಗಾಲ ಮುಗಿಯುವಾಗ ಮರಳಿನ ಅಡಿಗೆ ಹೋಗಿರುತ್ತಿತ್ತು, ಉಮ್ಮ ಕೈಯಲ್ಲೇ ತೋಡಿ ತೆಗೆದು, ಶಾಲಿನ ತುದಿಯಿಂದ ಒರೆಸಿ, ಮೊಳೆಯ ಬದಿಗೆ ತಾನು ಕೂತು ಈಚೆ ಬದಿಯಲ್ಲಿ ನನಗೆ ಜಾಗ ಬಿಡುತ್ತಿದ್ದಳು.